ಮುಂದಿನ ಕಾಲದ ಹಾಡಿನಲ್ಲಿ ಗುರುಗುಂಟಾ ಎಲ್ಲಿದೆ?

ಸೈನ್ಸ್ ಫಿಕ್ಷನ್ ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾ, ಆಮೇಲೆ ಕಾದಂಬರಿ. ಹಾಡು ನೆನಪಾಗೋದೇ ಕಡಿಮೆ. ಆದರೆ ರಾಕೆಟ್, ರೋಬೋಟ್, ಕಂಪ್ಯೂಟರ್, ಬೇರೆ ಗ್ರಹ ಇವೆಲ್ಲ ಜನಪ್ರಿಯ ಸಂಗೀತದೊಳಗೆ ಬಂದು ಅರವತ್ತು ವರ್ಷದ ಮೇಲಾಯಿತು. ಈ ಲೇಖನದಲ್ಲಿ ನಾವು ಮೂರು ವಿಷಯ ನೋಡೋಣ. ಒಂದು, ಒಂದು ಹಾಡನ್ನು ಸೈನ್ಸ್ ಫಿಕ್ಷನ್ ಹಾಡು ಅಂತ ಗುರುತಿಸೋದು ಹೇಗೆ. ಎರಡು, ‘ಮುಂದಿನ ಕಾಲದ ಸದ್ದು’ ಯಂತ್ರದೊಳಗೆ ತಯಾರಾಗೋದು ಹೇಗೆ. ಮೂರು, ಆ ಮುಂದಿನ ಕಾಲದಲ್ಲಿ ನಮ್ಮ ಕಡೆಯ ದನಿಗೆ ಜಾಗ ಇದೆಯಾ.

ಪಾಠಕ್ಕೆ ಉದಾಹರಣೆಯಾಗಿ ಒಂದು ಊರು ಬೇಕು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾವನ್ನು ತಗೊಳ್ಳೋಣ. ಈ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಅಮರೇಶ್ವರ ಜಾತ್ರೆ. ಅದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಮೊಹರಂಗೆ ಹೆಸರಾದ ಮುದಗಲ್ ಇದೆ. ಉತ್ತರಕ್ಕೆ ಕೃಷ್ಣಾ ನದಿ, ನದಿ ದಾಟಿದರೆ ಸುರಪುರ ಸೀಮೆ. ಮುಂದಿನ ಕಾಲ ಅಂದರೆ ಬೆಂಗಳೂರು, ಇಲ್ಲಾಂದ್ರೆ ಅಮೆರಿಕ ಅಂತ ಅಂದುಕೊಂಡಿರುವ ನಮಗೆಲ್ಲ ಈ ಸೀಮೆಯ ಹಾಡುಗಳಲ್ಲಿ ಕಲಿಯೋದು ಬಹಳ ಇದೆ.

ಗುರುತಿಸೋದು ಹೇಗೆ?

ಹಾಡಿನಲ್ಲಿ ‘ಮೊಬೈಲ್’, ‘ರಾಕೆಟ್’ ಅಂತ ಬಂದ ಮಾತ್ರಕ್ಕೆ ಅದು ಸೈನ್ಸ್ ಫಿಕ್ಷನ್ ಆಗೋದಿಲ್ಲ. ಈಗ ಯೂಟ್ಯೂಬ್‌ನಲ್ಲಿ ಓಡುವ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳನ್ನೇ ನೋಡಿ. ಸ್ಟೇಟಸ್, ಇನ್‌ಸ್ಟಾ, ಮಿಸ್ ಕಾಲ್ ಎಲ್ಲ ಇರತ್ತೆ. ಆದರೆ ಮಿಸ್ ಕಾಲ್ ತೆಗೆದು ಆ ಜಾಗದಲ್ಲಿ ಓಲೆ ಅಂತ ಹಾಕಿದರೂ ಕಥೆ ಹಾಗೇ ನಡೆಯತ್ತೆ. ಹುಡುಗ, ಹುಡುಗಿ, ಮುನಿಸು, ರಾಜಿ. ಅಲ್ಲಿ ಯಂತ್ರ ಬರೀ ಅಲಂಕಾರ.

ಹಾಗಾಗಿ ಒಂದು ಸಣ್ಣ ಪರೀಕ್ಷೆ ಇಟ್ಟುಕೊಳ್ಳೋಣ. ಹಾಡಿನಿಂದ ಯಂತ್ರವನ್ನು ತೆಗೆದು ಹಾಕಿ. ಹಾಡು ಹಾಗೇ ನಿಂತರೆ ಅದು ಅಲಂಕಾರ. ಹಾಡು ಬಿದ್ದು ಹೋದರೆ ಅದು ಸೈನ್ಸ್ ಫಿಕ್ಷನ್. 1969ರಲ್ಲಿ ಬಂದ ಡೇವಿಡ್ ಬೋವಿಯ ‘ಸ್ಪೇಸ್ ಆಡಿಟಿ’ ಇದಕ್ಕೆ ಒಳ್ಳೆ ಉದಾಹರಣೆ. ಬಾಹ್ಯಾಕಾಶಕ್ಕೆ ಹೋದ ಒಬ್ಬ ಯಾನಿ, ಭೂಮಿಯ ಜೊತೆ ಅವನ ಸಂಪರ್ಕ ಕಡಿಯುವುದು, ಅವನ ಒಂಟಿತನ. ನೌಕೆಯನ್ನು ತೆಗೆದರೆ ಹಾಡೇ ಇಲ್ಲ. ಮನುಷ್ಯ ಚಂದ್ರನ ಮೇಲೆ ಇಳಿದದ್ದೂ ಅದೇ ವರ್ಷ ಅದೇ ಜುಲೈ ತಿಂಗಳಲ್ಲಿ. ಲೋಕವೆಲ್ಲ ಚಪ್ಪಾಳೆ ಹೊಡೆಯುವಾಗ ಈ ಹಾಡು ‘ಅಷ್ಟು ದೂರ ಹೋದವನು ವಾಪಸ್ ಬರದಿದ್ದರೆ?’ ಅಂತ ಕೇಳಿತು.

ಈ ‘ಆದರೆ, ಇಲ್ಲದಿದ್ದರೆ’ ಅನ್ನೋದೇ ಸೈನ್ಸ್ ಫಿಕ್ಷನ್‌ನ ಬೇರು. ಹೀಗಾದರೆ ಮನುಷ್ಯನಿಗೆ ಏನಾಗಬಹುದು? ನಮ್ಮ ಪ್ರೋಗ್ರಾಮಿಂಗ್ ಲ್ಯಾಬಿನ ಇಫ್-ಎಲ್ಸ್ ಇದ್ದ ಹಾಗೆ. ಇದನ್ನು ನೆನಪಿಟ್ಟುಕೊಂಡು ಈಗ ಕೃಷ್ಣೆಯ ದಂಡೆಗೆ ಬರೋಣ.

ಕಾಲಜ್ಞಾನ: ಹೊಳೆಯಾಚೆಯ ಹಳೇ ಭವಿಷ್ಯ

ಗುರುಗುಂಟಾದಿಂದ ಕೃಷ್ಣೆ ದಾಟಿದರೆ ಈಗಿನ ಯಾದಗಿರಿ ಜಿಲ್ಲೆ. ಅಲ್ಲಿ ಹೊಳೆ ದಂಡೆಯಲ್ಲಿ ಮೌನೇಶ್ವರರ ತಿಂಥಣಿ ಇದೆ. ಅದೇ ಸೀಮೆಯಲ್ಲಿ ಕೊಡೇಕಲ್ ಇದೆ. 16ನೇ ಶತಮಾನದ ಕೊಡೇಕಲ್ ಬಸವಣ್ಣ ಹೇಳಿದ ಕಾಲಜ್ಞಾನ ಈ ಭಾಗದ ಜನರ ಬಾಯಲ್ಲಿ ಇವತ್ತಿಗೂ ಇದೆ. ಕಾಲಜ್ಞಾನ ಅಂದರೆ ಮುಂದೆ ಬರುವ ಕಾಲದ ಮಾತು. ಲೋಕ ತಲೆಕೆಳಗಾಗುವುದು, ರಾಜ್ಯಗಳು ಅಳಿಯುವುದು, ಕೊನೆಗೆ ವೀರವಸಂತರಾಯನೆಂಬ ದೊರೆ ಬರುವುದು, ಇಂಥವು ಕನ್ನಡ ಕಾಲಜ್ಞಾನಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು.

ಇದು ಹುಟ್ಟಿದ ಕಾಲವನ್ನು ಗಮನಿಸಿ. 1565ರಲ್ಲಿ ಇದೇ ಕೃಷ್ಣಾ ತೀರದಲ್ಲಿ, ಇಲ್ಲಿಂದ ಮೇಲಕ್ಕೆ, ರಕ್ಕಸಗಿ-ತಂಗಡಗಿ ಯುದ್ಧ ನಡೆಯಿತು. ವಿಜಯನಗರದ ವೈಭವ ಮುರಿದು ಬಿತ್ತು. ಆ ಶತಮಾನದ ತಲ್ಲಣದ ನಡುವೆ ಬೆಳೆದ ಸಾಹಿತ್ಯ ಇದು. ‘ಮುಂದೆ ಹೀಗಾಗತ್ತೆ’ ಅಂತ ಹೇಳುವ ಮಾತಿನೊಳಗೆ ‘ಈಗ ಹೀಗಾಗಿದೆ’ ಅನ್ನೋ ಸಂಕಟ ಕೂತಿರತ್ತೆ.

ಹಾಗಾದರೆ ಕಾಲಜ್ಞಾನ ಸೈನ್ಸ್ ಫಿಕ್ಷನ್ನಾ? ಅಲ್ಲ. ಇಲ್ಲಿ ಗೆರೆ ಎಳೆಯಲೇಬೇಕು. ಕಾಲಜ್ಞಾನ ‘ಆಗಿಯೇ ಆಗತ್ತೆ’ ಅಂತ ಹೇಳತ್ತೆ. ಅದರ ಹಿಂದೆ ನಂಬಿಕೆ ಇದೆ, ಗುರುವಿನ ಮಾತಿನ ಬಲ ಇದೆ. ಸೈನ್ಸ್ ಫಿಕ್ಷನ್ ‘ಆದರೆ ಏನು ಮಾಡ್ತೀರಿ?’ ಅಂತ ಕೇಳತ್ತೆ. ಒಂದು ಉತ್ತರ, ಇನ್ನೊಂದು ಪ್ರಶ್ನೆ. ಆದರೆ ಎರಡೂ ಮಾಡುವ ಕೆಲಸದಲ್ಲಿ ಒಂದು ಹೋಲಿಕೆ ಇದೆ. ಎರಡೂ ನಾಳೆಯನ್ನು ಕನ್ನಡಿ ಮಾಡಿ ಇವತ್ತಿನ ಮುಖ ತೋರಿಸುತ್ತವೆ. ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ನುಡಿಯುವ ಕಾರಣಿಕವೂ ಹೀಗೇ. ಒಂದೇ ಒಂದು ಮಾತು. ಅದನ್ನು ಕೇಳಿದ ರೈತ ಮಳೆ-ಬೆಳೆಗೆ ಹೊಂದಿಸ್ತಾನೆ, ರಾಜಕಾರಣಿ ಕುರ್ಚಿಗೆ ಹೊಂದಿಸ್ತಾನೆ. ಯಾರಿಗೆ ಯಾವ ಚಿಂತೆಯೋ ಅದೇ ಅರ್ಥ.

ನಾವು ನೆನಪಿಡಬೇಕಾದ್ದು ಇಷ್ಟು: ನಾಳೆಯ ಬಗ್ಗೆ ಕನ್ನಡದಲ್ಲಿ ಮಾತಾಡೋದು ನಮಗೆ ಹೊರಗಿನಿಂದ ಬಂದ ವಿದ್ಯೆ ಅಲ್ಲ. ಗುರುಗುಂಟಾದ ನೆರೆಯಲ್ಲೇ ಅದಕ್ಕೆ ನಾಲ್ಕು ನೂರು ವರ್ಷಕ್ಕೂ ಮೀರಿದ ರೂಢಿ ಇದೆ.

ಷರೀಫರ ಗಿರಣಿ, ಜರ್ಮನಿಯ ರೋಬೋಟ್

ಕಾಲಜ್ಞಾನದಲ್ಲಿ ಕಾಲ ಇದೆ, ಯಂತ್ರ ಇಲ್ಲ. ಯಂತ್ರ ಬೇಕಾದರೆ ಶಿಶುನಾಳ ಷರೀಫರ ಹತ್ತಿರ ಹೋಗಬೇಕು. 1819ರಿಂದ 1889ರವರೆಗೆ ಬದುಕಿದ್ದ ಷರೀಫರು ಗಿರಣಿಯ ಮೇಲೆ ಒಂದು ತತ್ವಪದ ಕಟ್ಟಿದ್ದಾರೆ. ಗಿರಣಿ ಅಂದರೆ ಆಗಿನ ಕಾಲಕ್ಕೆ ಹೊಸ ಟೆಕ್ನಾಲಜಿ. ಜನ ಬಾಯಿ ಬಿಟ್ಟುಕೊಂಡು ನೋಡುವಂಥ ವಸ್ತು. ಷರೀಫರು ಅದನ್ನು ನೋಡಿ ಹೆದರಲಿಲ್ಲ, ಬೈಯಲಿಲ್ಲ, ಬರೀ ಹೊಗಳಲೂ ಇಲ್ಲ. ಗಿರಣಿಯ ವಿಸ್ತಾರ ತೋರಿಸ್ತಾ ತೋರಿಸ್ತಾ ಮನುಷ್ಯನ ದೇಹದ ಕಡೆ ಕೈ ತೋರಿಸಿದರು. ಅವರ ಪದಗಳು ಆಮೇಲೆ ಸಿ. ಅಶ್ವತ್ಥ್ ಅವರ ದನಿಯಲ್ಲಿ ಕ್ಯಾಸೆಟ್ ಆಗಿ ಮನೆ ಮನೆ ಸೇರಿದವು. ಹಾಗಾಗಿ ಇದನ್ನು ‘ಜನಪ್ರಿಯ ಸಂಗೀತ’ ಅನ್ನೋದಕ್ಕೆ ನಮಗೆ ಅಡ್ಡಿ ಇಲ್ಲ.

ಈಗ ಇದರ ಪಕ್ಕದಲ್ಲಿ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡವನ್ನು ಇಟ್ಟು ನೋಡಿ. 1978ರ ‘ದಿ ಮ್ಯಾನ್-ಮಷೀನ್’ ಆಲ್ಬಮ್‌ನಲ್ಲಿ ಅವರು ತಾವೇ ರೋಬೋಟ್ ಅಂತ ಹಾಡಿದರು. ಒಂದೇ ಥರದ ಕೆಂಪು ಅಂಗಿ, ಟೈ, ಮುಖದಲ್ಲಿ ಭಾವ ಇಲ್ಲ, ದನಿಯೂ ಯಂತ್ರದ್ದು. ಷರೀಫರು ಯಂತ್ರವನ್ನು ನೋಡಿ ಮನುಷ್ಯನನ್ನು ಕಂಡರು. ಕ್ರಾಫ್ಟ್‌ವೆರ್ಕ್‌ನವರು ಮನುಷ್ಯನನ್ನು ನೋಡಿ ಯಂತ್ರವನ್ನು ಕಂಡರು. ನಡುವೆ ಸುಮಾರು ನೂರು ವರ್ಷ. ಆ ನೂರು ವರ್ಷದಲ್ಲಿ ಯಂತ್ರ ಊರ ಹೊರಗಿನ ಕಟ್ಟಡದಿಂದ ನಮ್ಮ ಕೈಗೆ, ಕಿವಿಗೆ ಬಂತು. ಎರಡೂ ಹಾಡು ನಮ್ಮ ಪರೀಕ್ಷೆಯಲ್ಲಿ ಪಾಸ್, ಯಾಕಂದ್ರೆ ಯಂತ್ರ ತೆಗೆದರೆ ಎರಡೂ ನಿಲ್ಲೋದಿಲ್ಲ.

ನಮ್ಮ ಸಿನಿಮಾ ಏನು ಮಾಡಿತು?

ಕನ್ನಡ ಸಿನಿಮಾದಲ್ಲಿ ಈ ದಾರಿ ಬಾಂಡ್ ಮಾದರಿಯ ಚಿತ್ರಗಳಿಂದ ಶುರುವಾಯಿತು ಅನ್ನಬಹುದು. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿಐಡಿ 999. ನಿರ್ದೇಶನ ದೊರೆ-ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್. ಗ್ಯಾಜೆಟ್, ಗುಪ್ತ ಅಡ್ಡೆ, ಪಾಶ್ಚಾತ್ಯ ವಾದ್ಯಗಳ ಸದ್ದು, ಇವೆಲ್ಲ ಆಗ ‘ಮಾಡರ್ನ್’ ಅನ್ನೋದರ ಗುರುತು. ಅದೇ ಸರಣಿಯ ‘ಆಪರೇಷನ್ ಡೈಮಂಡ್ ರ್‍ಯಾಕೆಟ್’ ಬಂದಿದ್ದು 1978ರಲ್ಲಿ. ಅದರಲ್ಲಿ ರಾಜಕುಮಾರ್ ಇಂಗ್ಲಿಷ್‌ನಲ್ಲಿ ಹಾಡಿದ ಹಾಡನ್ನು ಇವತ್ತಿಗೂ ಜನ ಗುನುಗ್ತಾರೆ.

ಆ ಹಾಡು ನಮಗೆಲ್ಲ ಇಷ್ಟ. ಅದರಲ್ಲಿ ತಪ್ಪು ಹುಡುಕೋದು ನಮ್ಮ ಉದ್ದೇಶ ಅಲ್ಲ. ಆದರೆ ಒಂದು ವಿಷಯ ಗಮನಿಸಿ. ಹೊಸ ಕಾಲದ ಥರ ಕೇಳಿಸಬೇಕು ಅಂದಾಗ ಹಾಡು ಇಂಗ್ಲಿಷ್‌ಗೆ ಹೋಯಿತು. ಅಂದಿನಿಂದ ಇಂದಿನವರೆಗೆ ಇದು ನಮ್ಮ ಅಭ್ಯಾಸವಾಗಿದೆ. ಊರಿನ ಹಾಡಾದರೆ ಕನ್ನಡ, ಭವಿಷ್ಯದ ಹಾಡಾದರೆ ಕೋರಸ್ ಇಂಗ್ಲಿಷ್.

ಆಮೇಲೆ ಈ ಕಡೆ ಜಾಸ್ತಿ ಬಂದವರು ಉಪೇಂದ್ರ. 2002ರ ‘ಹಾಲಿವುಡ್’ನಲ್ಲಿ ಅವರದು ಯಂತ್ರಮಾನವನ ಪಾತ್ರವೂ ಇತ್ತು. ಸಂಗೀತ ಗುರುಕಿರಣ್. ತಮಿಳಿನಲ್ಲಿ ಎ.ಆರ್. ರೆಹಮಾನ್ ಸಂಗೀತದ ‘ಎಂದಿರನ್’ ಬಂದಿದ್ದು 2010ರಲ್ಲಿ. ಅಂದರೆ ರೋಬೋಟ್ ಪ್ರೇಮದ ಕಥೆಗೆ ಕನ್ನಡ ಎಂಟು ವರ್ಷ ಮೊದಲೇ ಕೈ ಹಾಕಿತ್ತು. 2010ರ ‘ಸೂಪರ್’ನಲ್ಲಿ 2030ರ ಭಾರತ ತೋರಿಸಿದರು. ಸಂಗೀತ ವಿ. ಹರಿಕೃಷ್ಣ. 2024ರ ‘ಯುಐ’ಗೆ ಅಜನೀಶ್ ಲೋಕನಾಥ್ ಸಂಗೀತ. ಕಥೆಯಲ್ಲಿ ಧೈರ್ಯ ಇದೆ. ಆದರೆ ಸಿನಿಮಾ ಬಿಟ್ಟು ಹಾಡನ್ನು ಮಾತ್ರ ತಗೊಂಡು ನಮ್ಮ ಪರೀಕ್ಷೆ ಮಾಡಿದರೆ? ಈ ಕೆಲಸವನ್ನು ನಿಮಗೇ ಬಿಡ್ತೇವೆ. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಹಾಡು ಕೇಳಿ, ಯಂತ್ರ ತೆಗೆದು ನೋಡಿ, ಎಷ್ಟು ನಿಲ್ಲತ್ತೆ ಎಷ್ಟು ಬೀಳತ್ತೆ ಅಂತ ಪಟ್ಟಿ ಮಾಡಿ.

ಸದ್ದಿನ ಎಂಜಿನಿಯರಿಂಗ್

ಸಾಹಿತ್ಯ ಒಂದು ಕಡೆ ಇರಲಿ, ಸದ್ದೇ ಭವಿಷ್ಯದ್ದಾಗಿ ಕೇಳಿಸೋದು ಹೇಗೆ? ಇದು ನಮ್ಮ ಸಿಲಬಸ್‌ಗೆ ಸೇರಿದ ವಿಷಯ.

ಮೊದಲನೆಯದು ವೋಕೋಡರ್. 1930ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಇದನ್ನು ರೂಪಿಸಿದ್ದು ಸಂಗೀತಕ್ಕಲ್ಲ, ಟೆಲಿಫೋನ್‌ಗೆ. ಮಾತಿನ ಸಿಗ್ನಲ್ ಅನ್ನು ಬೇರೆ ಬೇರೆ ಫ್ರೀಕ್ವೆನ್ಸಿ ಪಟ್ಟಿಗಳಾಗಿ ಫಿಲ್ಟರ್ ಮಾಡಿ, ಪ್ರತಿ ಪಟ್ಟಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನೋದನ್ನು ಮಾತ್ರ ಕಳಿಸಿದರೆ ಸಾಕು, ಆ ಕಡೆ ಮಾತನ್ನು ಮತ್ತೆ ಕಟ್ಟಬಹುದು. ಎರಡನೇ ಮಹಾಯುದ್ಧದಲ್ಲಿ ಗುಟ್ಟಿನ ದೂರವಾಣಿಗೆ ಇದು ಬಳಕೆಯಾಯಿತು. ಆಮೇಲೆ ಸಂಗೀತದವರು ಕಟ್ಟುವ ಜಾಗದಲ್ಲಿ ಸಿಂಥಸೈಜರ್ ಇಟ್ಟರು. ಆಗ ಸಿಂಥ್ ಮಾತಾಡಿತು! ಕ್ರಾಫ್ಟ್‌ವೆರ್ಕ್‌ನ ರೋಬೋಟ್ ದನಿ ಇದೇ.

ಎರಡನೆಯದು ಕಂಪ್ಯೂಟರ್ ಹಾಡು. 1961ರಲ್ಲಿ ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರ್ ಒಂದು ‘ಡೈಸಿ ಬೆಲ್’ ಅನ್ನೋ ಹಳೇ ಹಾಡು ಹಾಡಿತು. ಅದನ್ನು ಕೇಳಿದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮುಂದೆ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಸಾಯುತ್ತಿರುವ ಕಂಪ್ಯೂಟರ್ ಬಾಯಲ್ಲಿ ಅದೇ ಹಾಡು ಹಾಡಿಸಿದರು. ಲ್ಯಾಬ್‌ನಲ್ಲಿ ನಡೆದದ್ದು ಕಥೆಯಾಯಿತು.

ಮೂರನೆಯದು ಆಟೋ-ಟ್ಯೂನ್. ಇದು ನಮ್ಮ ಸೀಮೆಯವರಿಗೆ ಬೇಗ ಅರ್ಥ ಆಗತ್ತೆ. ಹಟ್ಟಿ ಕಡೆಯವರಿಗೆ ನೆಲದೊಳಗೆ ಏನಿದೆ ಅನ್ನೋ ಪ್ರಶ್ನೆ ಹೊಸದಲ್ಲ. ಆಟೋ-ಟ್ಯೂನ್ ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ಇದ್ದದ್ದು ಅದೇ ಥರದ ಕೆಲಸದಲ್ಲಿ. ನೆಲದೊಳಗೆ ಅಲೆ ಕಳಿಸಿ, ವಾಪಸ್ ಬಂದ ಸಿಗ್ನಲ್ ನೋಡಿ ಎಣ್ಣೆ ಎಲ್ಲಿದೆ ಅಂತ ಹುಡುಕೋದು. ಅಲ್ಲಿ ಬಳಸುವ ಆಟೋಕೋರಿಲೇಶನ್ ಗಣಿತವನ್ನೇ ಹಾಡಿಗೆ ತಂದರು. 1997ರಲ್ಲಿ ಆಟೋ-ಟ್ಯೂನ್ ಮಾರುಕಟ್ಟೆಗೆ ಬಂತು.

ಕೆಲಸ ಹೀಗೆ. ಸೆಕೆಂಡಿಗೆ 44,100 ಸ್ಯಾಂಪಲ್ ತಗೊಂಡಿದ್ದೇವೆ ಅಂದುಕೊಳ್ಳಿ. ಹಾಡುವವರ ದನಿಯ ಅಲೆಯ ಒಂದು ನಕಲು ಮಾಡಿ ಅದನ್ನು ಮೂಲದ ಮೇಲೆ ಒಂದೊಂದೇ ಸ್ಯಾಂಪಲ್ ಸರಿಸುತ್ತಾ ಹೋಗಿ. 98 ಸ್ಯಾಂಪಲ್ ಸರಿಸಿದಾಗ ಎರಡೂ ಸರಿಯಾಗಿ ಹೊಂದಿಕೊಂಡವು ಅಂದರೆ ದನಿಯ ಫ್ರೀಕ್ವೆನ್ಸಿ 44,100 ಭಾಗಿಸು 98, ಅಂದರೆ 450 ಹರ್ಟ್ಸ್. ಪಾಶ್ಚಾತ್ಯ ಸ್ಕೇಲ್‌ನಲ್ಲಿ ಅದಕ್ಕೆ ಹತ್ತಿರದ ಸ್ವರ 440. ಸಾಫ್ಟ್‌ವೇರ್ ದನಿಯನ್ನು 440ಕ್ಕೆ ಎಳೆಯತ್ತೆ. ನಿಧಾನಕ್ಕೆ ಎಳೆದರೆ ಗೊತ್ತೇ ಆಗೋದಿಲ್ಲ. ತಟ್ಟನೆ ಎಳೆದರೆ ದನಿ ಮೆಟ್ಟಿಲು ಮೆಟ್ಟಿಲಾಗಿ ಕೇಳಿಸತ್ತೆ. 1998ರಲ್ಲಿ ಶೇರ್ ಹಾಡಿದ ‘ಬಿಲೀವ್’ನಿಂದ ಈ ರೋಬೋಟ್ ದನಿ ಲೋಕಕ್ಕೆಲ್ಲ ಪರಿಚಯವಾಯಿತು. ಇವತ್ತು ನಮ್ಮ ಜಾತ್ರೆಗಳ ಡಿಜೆ ಹಾಡುಗಳಲ್ಲೂ ಅದೇ ದನಿ ಕೇಳಿಸತ್ತೆ.

ಇಲ್ಲೊಂದು ತೊಡಕು ಇದೆ. ಏಕತಾರಿ ಹಿಡಿದು ತತ್ವಪದ ಹಾಡುವ ಹಿರಿಯರ ದನಿ ಕೇಳಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗತ್ತೆ, ನಡುವೆ ತೂಗತ್ತೆ, ಕೆಲವು ಕಡೆ ಬೇಕಂತಲೇ ಅಂಚಿನಲ್ಲಿ ನಿಲ್ಲತ್ತೆ. ಶಾಸ್ತ್ರೀಯದಲ್ಲಿ ಇದಕ್ಕೆ ಗಮಕ, ಮೀಂಡ್ ಅಂತ ಹೆಸರಿದೆ. ತಟ್ಟನೆ ಎಳೆಯುವ ಆಟೋ-ಟ್ಯೂನ್‌ಗೆ ಇದೆಲ್ಲ ಎರರ್. ಯಂತ್ರಕ್ಕೆ ತಪ್ಪಾಗಿ ಕಾಣೋದೇ ನಮ್ಮ ಹಾಡಿಕೆಯ ಜೀವ. ಹಾಗಾಗಿ ಒಂದು ಟೂಲ್ ಕೈಗೆ ತಗೊಂಡಾಗ ಅದು ಯಾರ ಕಿವಿಗೆ ತಕ್ಕ ಹಾಗೆ ಮಾಡಿದ್ದು ಅಂತ ಕೇಳೋದೂ ಎಂಜಿನಿಯರ್ ಕೆಲಸವೇ.

ಭವಿಷ್ಯದಲ್ಲಿ ಯಾರಿಗೆ ಜಾಗ?

1970ರ ದಶಕದ ಅಮೆರಿಕದಲ್ಲಿ ಕಪ್ಪು ಸಂಗೀತಗಾರರು ಇದೇ ಪ್ರಶ್ನೆ ಕೇಳಿದರು. ಬಾಹ್ಯಾಕಾಶದ ಕಥೆಗಳಲ್ಲಿ ನಮ್ಮವರು ಯಾಕಿಲ್ಲ? ಸನ್ ರಾ ತಾನು ಶನಿಗ್ರಹದಿಂದ ಬಂದವನು ಅಂತಲೇ ಹೇಳಿಕೊಂಡ. ಪಾರ್ಲಿಮೆಂಟ್ ತಂಡದ ಜಾರ್ಜ್ ಕ್ಲಿಂಟನ್ 1975ರ ‘ಮದರ್‌ಶಿಪ್ ಕನೆಕ್ಷನ್’ ಆಲ್ಬಮ್‌ನಲ್ಲಿ ತನ್ನ ಜನರನ್ನೇ ನೌಕೆಯಲ್ಲಿ ಕೂರಿಸಿದ. ಮುಂದೆ ಈ ಧಾರೆಗೆ ಆಫ್ರೋಫ್ಯೂಚರಿಸಂ ಅಂತ ಹೆಸರು ಬಂತು. ಅವರು ತಮ್ಮ ತಾಳ, ತಮ್ಮ ಕುಣಿತ, ತಮ್ಮ ಬೀದಿಯ ಮಾತನ್ನು ಬಿಟ್ಟು ಹೋಗಲಿಲ್ಲ. ಅದನ್ನೆಲ್ಲ ತುಂಬಿಕೊಂಡೇ ನೌಕೆ ಹತ್ತಿದರು. ನಮಗೆ ಇದು ದೊಡ್ಡ ಪಾಠ.

ನಿಜವಾಗಿಯೂ ನೌಕೆ ಹತ್ತಿದ ಕನ್ನಡ ಒಂದಿದೆ. 1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನದ ಒಂದೊಂದು ತಟ್ಟೆ ಇದೆ. ಅದರಲ್ಲಿ ಲೋಕದ 55 ಭಾಷೆಗಳ ಶುಭಾಶಯ ಇದೆ. ಆ 55ರಲ್ಲಿ ಕನ್ನಡವೂ ಒಂದು. ಭಾರತದ ಸಂಗೀತವಾಗಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಎರಡೂ ನೌಕೆ ಈಗ ಸೂರ್ಯನ ಪ್ರಭಾವದ ಗಡಿ ದಾಟಿ ನಕ್ಷತ್ರಗಳ ನಡುವಿನ ಜಾಗದಲ್ಲಿವೆ. ಕನ್ನಡ ಅಲ್ಲಿಗೆ ಹೋದದ್ದು ತಾನಾಗಿ ಅಲ್ಲ. ಯಾರೋ ಮೈಕ್ ಮುಂದೆ ನಿಂತು ಕನ್ನಡದಲ್ಲಿ ಮಾತಾಡಿದರು, ಅದಕ್ಕೇ ಹೋಯಿತು.

ಈಗಿನ ವಿಷಯಕ್ಕೆ ಬರೋಣ. 2024ರಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರದ ಒಂದು ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ತಂದರು. ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿ. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟೇ ಮಾಡಿದ್ದು ಅಂತ ರೆಹಮಾನ್ ಹೇಳಿದರು. ಅದೇ ವರ್ಷ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಬಳಸಿದ್ದಾರೆ ಅಂತ ಅವರ ಮನೆಯವರು ಒಂದು ತೆಲುಗು ಚಿತ್ರದವರಿಗೆ ನೋಟಿಸ್ ಕೊಟ್ಟರು. ಹತ್ತು ವರ್ಷದ ಹಿಂದೆ ಕಥೆಯಾಗಿದ್ದದ್ದು ಈಗ ವಕೀಲರ ಟೇಬಲ್ ಮೇಲಿದೆ.

ಎಐಗೆ ಹಾಡು ಗೊತ್ತಿರೋದು ನಾವು ಕೇಳಿಸಿದಷ್ಟು ಮಾತ್ರ. ರೆಕಾರ್ಡ್ ಆದ ಕನ್ನಡವನ್ನು ಅದು ಕಲಿಯತ್ತೆ. ರೆಕಾರ್ಡ್ ಆಗದ ಕನ್ನಡ ಅದರ ಪಾಲಿಗೆ ಇಲ್ಲವೇ ಇಲ್ಲ. ಸಿನಿಮಾದ ಕನ್ನಡ ಬೇಕಾದಷ್ಟು ಸಿಗತ್ತೆ. ಗುರುಗುಂಟಾದ ಭಜನೆಯ ಕನ್ನಡ, ಮುದಗಲ್ ಕಡೆಯ ಮೊಹರಂ ಪದಗಳ ಕನ್ನಡ, ನಾಟಿ ಮಾಡುವಾಗ ಗದ್ದೆಯಲ್ಲಿ ಹೆಣ್ಮಕ್ಕಳು ಹಾಡುವ ಕನ್ನಡ ಎಷ್ಟು ಸಿಗತ್ತೆ? ಐವತ್ತು ವರ್ಷದ ನಂತರ ಒಂದು ಯಂತ್ರಕ್ಕೆ ‘ರಾಯಚೂರಿನ ದನಿಯಲ್ಲಿ ಹಾಡು’ ಅಂದರೆ ಅದು ಏನು ಹಾಡತ್ತೆ? ಇದು ಭಾವುಕತೆಯ ಮಾತಲ್ಲ, ಡೇಟಾದ ಮಾತು. ಆ ಹಾಡು ಬಲ್ಲ ಹಿರಿಯರಿಗೆ ವಯಸ್ಸಾಗ್ತಾ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಆ ಪದಗಳಲ್ಲಿ ಅರ್ಧ ಅರ್ಥ ಆಗೋದಿಲ್ಲ. ಅರ್ಥ ಹೇಳೋರು ಇರುವಾಗಲೇ ಕೇಳಿಕೊಳ್ಳಬೇಕು.

ಅಭ್ಯಾಸ

ಓದಿ ಬಿಟ್ಟರೆ ಪಾಠ ಮುಗಿಯೋದಿಲ್ಲ. ಹಾಗಾಗಿ ನಾಲ್ಕು ಕೆಲಸ.

1. ನಿಮ್ಮ ಪ್ಲೇಲಿಸ್ಟ್‌ನಿಂದ ಯಂತ್ರದ ಹೆಸರಿರುವ ಐದು ಕನ್ನಡ ಹಾಡು ಆರಿಸಿ. ಯಂತ್ರ ತೆಗೆದು ನೋಡುವ ಪರೀಕ್ಷೆ ಮಾಡಿ. ಯಾವುದು ಅಲಂಕಾರ, ಯಾವುದು ಪ್ರಶ್ನೆ ಅಂತ ಕಾರಣ ಸಮೇತ ಬರೆಯಿರಿ.

2. ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್‌ನಲ್ಲಿ ನಿಮ್ಮದೇ ದನಿಯ ಎರಡು ಸೆಕೆಂಡ್ ರೆಕಾರ್ಡ್ ಮಾಡಿ, ಆಟೋಕೋರಿಲೇಶನ್‌ನಿಂದ ಫ್ರೀಕ್ವೆನ್ಸಿ ಕಂಡುಹಿಡಿಯಿರಿ. ಮೊದಲು ಒಂದೇ ಸ್ವರ ಹಿಡಿದು ಮಾಡಿ. ಆಮೇಲೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಮಾಡಿ. ಎರಡನೆಯದರಲ್ಲಿ ಪ್ರೋಗ್ರಾಂ ಎಲ್ಲಿ ತಡವರಿಸತ್ತೆ ಅನ್ನೋದನ್ನು ಗುರುತು ಹಾಕಿ.

3. ರಜೆಗೆ ಊರಿಗೆ ಹೋದಾಗ ಮನೆಯ ಅಥವಾ ಓಣಿಯ ಒಬ್ಬ ಹಿರಿಯರಿಂದ ಒಂದು ಪದ ಕೇಳಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಮೊದಲು ಅವರ ಒಪ್ಪಿಗೆ ಕೇಳಿ. ಯಾರಿಂದ ಕಲಿತರು, ಯಾವಾಗ ಹಾಡ್ತಾರೆ, ಗೊತ್ತಿಲ್ಲದ ಪದದ ಅರ್ಥ ಏನು, ಈ ಮೂರನ್ನೂ ಬರೆದುಕೊಳ್ಳಿ. ಬರೀ ಆಡಿಯೋ ಇದ್ದರೆ ಅರ್ಧ ಕೆಲಸ ಮಾತ್ರ.

4. ನಿಮ್ಮ ಊರಿನ 2075ನೇ ಇಸವಿಯ ಮೇಲೆ ಎಂಟು ಸಾಲಿನ ಹಾಡು ಬರೆಯಿರಿ. ಷರತ್ತು ಎರಡೇ. ಕೋರಸ್ ಕನ್ನಡದಲ್ಲೇ ಇರಬೇಕು, ಮತ್ತು ಯಂತ್ರ ತೆಗೆದರೆ ಹಾಡು ಬೀಳಬೇಕು. ಗುರುಗುಂಟಾದವರು ಬರೆದರೆ ಏನೇನು ಬರಬಹುದು ನೋಡಿ: ಹಟ್ಟಿಯಲ್ಲಿ ಚಿನ್ನ ಮುಗಿದರೆ ಆ ಆಳದ ಸುರಂಗದಲ್ಲಿ ಏನು ಮಾಡೋದು? ಕೃಷ್ಣೆಯ ನೀರನ್ನು ಕಂಪ್ಯೂಟರ್ ಒಂದೇ ಹಂಚುವಂತಾದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರತ್ತಾ? ಅಮರೇಶ್ವರ ತೇರನ್ನು ರೋಬೋಟ್ ಎಳೆದರೆ ಉತ್ತತ್ತಿ ಎಸೆಯೋರು ಯಾರ ಕಡೆ ನೋಡಬೇಕು?

ಬರೆದದ್ದನ್ನು, ರೆಕಾರ್ಡ್ ಮಾಡಿದ್ದನ್ನು ಕನ್ನಡ ಸಂಘಕ್ಕೆ ಕಳಿಸಿ. ಕಾಗುಣಿತ ತಪ್ಪಿದರೆ ಕೂತು ತಿದ್ದೋಣ, ರಾಗ ತಪ್ಪಿದರೆ ಹಾಗೇ ಇರಲಿ. ಆಟೋ-ಟ್ಯೂನ್ ಮಾತ್ರ ಹಾಕಬೇಡಿ.